ಕಂಬದ ಮರೆಯ ಮಾತು

ಸೋಮವಾರ ಬೆಳಗ್ಗೆ ಹಾಸನದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಇಡೀ ಜಿಲ್ಲೆಯೇ ಮೆಟ್ಟಿಲಿಳಿದು ಬಂದಂತೆ ಕಾಣುತ್ತದೆ. ಹೊಳೆನರಸೀಪುರದ ಬಸ್ಸಿನಿಂದ ಹೇಮಾವತಿ ದಂಡೆಯ ಹುಡುಗರು, ಅರಕಲಗೂಡಿನ ಬಸ್ಸಿನಿಂದ ಹೊಗೆಸೊಪ್ಪಿನ ಸೀಮೆಯವರು, ಚನ್ನರಾಯಪಟ್ಟಣದ ಬಸ್ಸಿನಿಂದ ತೆಂಗಿನ ತೋಟಗಳ ಮಕ್ಕಳು. ಕಾಲೇಜು, ಹಾಸ್ಟೆಲಿಗೆ ಮರಳುವ ಇವರ ಬೆನ್ನಿಗೆ ಬ್ಯಾಗು, ಕೈಯಲ್ಲಿ ಡಬ್ಬಿ, ಬಾಯ್ತುಂಬ ಊರಿನ ಸುದ್ದಿ. ಹಬ್ಬಕ್ಕೆ ಯಾರ ಮನೆಗೆ ನೆಂಟರು ಬಂದರು, ಯಾರ ಹಸು ಕರು ಹಾಕಿತು ಎಂಬುದೆಲ್ಲ ಅಲ್ಲೇ ಹರಡಿಬಿಡುತ್ತದೆ.

ಬೇಲೂರು ಕಡೆಯ ಬಸ್ಸಿನಿಂದ ಇಳಿದ ಹುಡುಗಿಯೊಬ್ಬಳು ಮಾತ್ರ ಕಂಬದ ಮರೆಗೆ ಸರಿದು ಫೋನು ಕಿವಿಗಿಡುತ್ತಾಳೆ. ಅವಳಾಡುವುದು ಕನ್ನಡವಲ್ಲ, ಉರ್ದುವಲ್ಲ, ತೆಲುಗೂ ಅಲ್ಲ. ಗೆಳತಿ ಹತ್ತಿರ ಬಂದದ್ದೇ ತಡ, ಮಾತು ಥಟ್ಟನೆ ಕನ್ನಡಕ್ಕೆ ಹೊರಳುತ್ತದೆ: "ಆಮೇಲೆ ಮಾಡ್ತೀನಿ, ಇಡು." ಇವಳ ಹೆಸರು ಬೇಡ. ಇವಳಂಥವರು ಇವಳೊಬ್ಬಳೇ ಅಲ್ಲ.

ಮರೆಯಲ್ಲಿ ಆಡಿದ ಆ ಮಾತು ವಾಗ್ರಿ. ಗುಜರಾತಿಯ ಬಳಗಕ್ಕೆ ಸೇರಿದ, ತನ್ನದೇ ಲಿಪಿಯಿಲ್ಲದ ಈ ನುಡಿ ಹಕ್ಕಿ ಹಿಡಿದು ಬದುಕುತ್ತಿದ್ದ ಹಕ್ಕಿಪಿಕ್ಕಿ ಬುಡಕಟ್ಟಿನವರ ಮನೆಮಾತು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಅವರ ನೆಲೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬು ಕೈತಪ್ಪಿತು. ಬಲೆ ಮಡಿಚಿಟ್ಟವರು ಗಿಡಮೂಲಿಕೆಯ ಕೂದಲೆಣ್ಣೆ ಹೊತ್ತು ಊರೂರು ಸುತ್ತಿದರು, ಆಮೇಲೆ ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನ್ ಅಂತರ್ಯುದ್ಧದಲ್ಲಿ ಹೊತ್ತಿ ಉರಿದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡನಾಡಿನವರಲ್ಲಿ ಹೆಚ್ಚಿನವರು ಹಕ್ಕಿಪಿಕ್ಕಿಗಳೇ. ಭಾರತ ಸರ್ಕಾರದ ತೆರವು ಕಾರ್ಯಾಚರಣೆ 'ಆಪರೇಷನ್ ಕಾವೇರಿ' ಅವರನ್ನು ಮನೆ ಮುಟ್ಟಿಸಿತು. ಭಾಷೆ ಗೊತ್ತಿಲ್ಲದ ದೇಶದಲ್ಲಿ ಅಂಜದೆ ವ್ಯಾಪಾರ ಮಾಡಿ ಬಂದ ಜನ. ಅಂಥವರ ಮಗಳು ತನ್ನದೇ ಜಿಲ್ಲೆಯ ಬಸ್ ನಿಲ್ದಾಣದಲ್ಲಿ ಅಮ್ಮನ ಜೊತೆ ಮಾತಾಡಲು ಅಂಜುತ್ತಾಳೆ.

ಇಂಥ ಬುಡಕಟ್ಟಿನ ಮಕ್ಕಳ ಓದಿಗೆ ಸರ್ಕಾರ ಏನೂ ಮಾಡಿಲ್ಲವೆಂದರೆ ತಪ್ಪಾದೀತು. ವಿದ್ಯಾರ್ಥಿವೇತನವಿದೆ, ಮೆಟ್ರಿಕ್ ನಂತರದ ಹಾಸ್ಟೆಲುಗಳಿವೆ. ಪರಿಶಿಷ್ಟ ಪಂಗಡಗಳ ಮೀಸಲಾತಿ 2022ರಲ್ಲಿ ಶೇ. 3ರಿಂದ 7ಕ್ಕೆ ಏರಿತು. ಅದೇ ಹೊತ್ತಿಗೆ ಮೈಸೂರು ವಿಶ್ವವಿದ್ಯಾನಿಲಯದ ಹೇಮಗಂಗೋತ್ರಿ ಕೇಂದ್ರವೇ ಬೆಳೆದು ಹಾಸನ ವಿಶ್ವವಿದ್ಯಾನಿಲಯವಾಯಿತು. ಆದರೆ 2011ರ ಜನಗಣತಿಯಂತೆ ಈ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರು ನೂರಕ್ಕೆ ಇಬ್ಬರೂ ಇಲ್ಲ. ರಾಜ್ಯದ 42 ಲಕ್ಷ ಚಿಲ್ಲರೆ ಪಂಗಡದವರಲ್ಲಿ ಮುಕ್ಕಾಲು ಪಾಲು ನಾಯಕ ಸಮುದಾಯದವರು. ಹಕ್ಕಿಪಿಕ್ಕಿಗಳು ಹನ್ನೆರಡು ಸಾವಿರದಷ್ಟು. ಹಾಗಾಗಿ ಎಸ್‌ಟಿ ಹಾಸ್ಟೆಲಿನಲ್ಲಿ ಮಂಚ ಸಿಕ್ಕರೂ ಈ ಹುಡುಗಿಗೆ ಅಕ್ಕಪಕ್ಕದ ಮಂಚಗಳಲ್ಲಿ ತನ್ನ ಮಾತು ಸಿಗುವುದು ಅಪರೂಪ.

ರಾತ್ರಿ ಊಟದ ಗಂಟೆ ಹೊಡೆಯುತ್ತದೆ. ಮುದ್ದೆ, ಸಾರು, ತಟ್ಟೆಗಳ ಸದ್ದು. ಒಂದೂರಿನವರು ಒಂದು ಸಾಲು, ಒಂದು ತಾಲ್ಲೂಕಿನವರು ಇನ್ನೊಂದು ಸಾಲು. ಇವಳು ಎಲ್ಲಿ ಜಾಗ ಖಾಲಿಯಿದೆಯೋ ಅಲ್ಲಿ.

ತರಗತಿಯಲ್ಲಿ ಸಮಾಜಶಾಸ್ತ್ರದ ಮೇಷ್ಟರು ವರದಕ್ಷಿಣೆಯ ಪಾಠ ಮಾಡುತ್ತಾರೆ. ಆದರೆ ಹಕ್ಕಿಪಿಕ್ಕಿಗಳಲ್ಲಿ ತೆರ ಕೊಡಬೇಕಾದವರು ಗಂಡಿನ ಕಡೆಯವರು. ಪುಸ್ತಕದಲ್ಲಿ ಒಂದು ಸಾಲಾಗಿ ಬರುವ ಸಂಗತಿ ಅವಳ ಮನೆಯ ಅಂಗಳದಲ್ಲೇ ನಡೆದಿದೆ. ಎದ್ದುನಿಂತು ಹೇಳಿದರೆ ಅಂದಿನ ಪಾಠಕ್ಕೆ ಜೀವ ಬಂದೀತು. ಕೈ ಮೇಲೇಳುವುದಿಲ್ಲ. ಕಾಲೇಜು ಹಬ್ಬದಲ್ಲಿ ಬಾಡಿಗೆ ತಂದ ಗರಿ, ಮಣಿಸರ ತೊಟ್ಟು ಬೇರೆ ಹುಡುಗಿಯರು 'ಬುಡಕಟ್ಟು ನೃತ್ಯ' ಕುಣಿಯುತ್ತಾರೆ. ಇವಳು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾಳೆ.

ಬೇರೆಯ ದಾರಿ ನಮ್ಮಲ್ಲಿ ಇಲ್ಲದ್ದೇನಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಬುಡಕಟ್ಟಿನ ಮಕ್ಕಳಿಗೆ ಅವರ ಕಾಡಿನ ನಡುವೆಯೇ ಶಾಲೆ ತೆರೆಯಿತು. ಆ ಸಮುದಾಯದಿಂದಲೇ ಡಾ. ಸಿ. ಮಾದೇಗೌಡರಂಥ ಸಂಶೋಧಕರು ಬಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೆಂದೇ ವಿಭಾಗವಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯವಂತೂ 1993ರಲ್ಲಿ ಕ್ಯಾಂಪಸ್ಸಿನೊಳಗೇ ಮೂಲನಿವಾಸಿಗಳ ಉದ್ದಮನೆಯೊಂದನ್ನು ತೆರೆಯಿತು. ದೇವದಾರಿನ ದೊಡ್ಡ ದೊಡ್ಡ ತೊಲೆಗಳ ಆ ಮನೆ ಅಲ್ಲಿನ ಮೂಲನಿವಾಸಿ ವಿದ್ಯಾರ್ಥಿಗಳಿಗೆ ಓದಲು, ಉಣ್ಣಲು, ಹಿರಿಯರ ಜೊತೆ ಕೂರಲು ಇರುವ ಜಾಗ.

ಹಾಸನಕ್ಕೆ ದೇವದಾರಿನ ತೊಲೆ ಬೇಕಿಲ್ಲ. ಹಾಸ್ಟೆಲಿನ ಹಜಾರದಲ್ಲಿ ತಿಂಗಳಿಗೊಂದು ಸಂಜೆ ಜಮಖಾನ ಹಾಸಿದರೆ ಆಯಿತು. ಅಂಗಡಿಹಳ್ಳಿಯಿಂದ ಒಬ್ಬ ಅಜ್ಜಿಯನ್ನು ಕರೆಸಿ, ಬಸ್ ಚಾರ್ಜು ಕೊಟ್ಟು, ಎಲೆಯಡಿಕೆ ಇಟ್ಟು ಕೂರಿಸಿದರೆ ಆಯಿತು. ಅಜ್ಜಿ ವಾಗ್ರಿಯಲ್ಲಿ ಕಥೆ ಹೇಳಲಿ. ಮೊಮ್ಮಗಳು ಎದ್ದುನಿಂತು ಅದನ್ನು ಕನ್ನಡಕ್ಕೆ ತಿರುಗಿಸಲಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮಕ್ಕಳು ಸುತ್ತ ಕೂತು ಕೇಳಲಿ. ವಾರ್ಡನ್ನರೇ, ಪ್ರಾಂಶುಪಾಲರೇ, ಬರುವ ತಿಂಗಳೇ ಒಂದು ಸಂಜೆ ಗೊತ್ತುಮಾಡಿ.