ಹ್ಯೂ ಮಿಲ್ಲರನ ಕ್ರೊಮಾರ್ಟಿಯಲ್ಲಿ ಒಂದು ಸುತ್ತು

ಚರ್ಚ್ ಸ್ಟ್ರೀಟಿನ ಆ ಮನೆಯೊಳಗೆ ಹೋಗುವಾಗ ಎತ್ತರದವರು ತಲೆ ತಗ್ಗಿಸಬೇಕು. ಸುಣ್ಣ ಬಳಿದ ದಪ್ಪ ಗೋಡೆ, ಹುಲ್ಲು ಹೊದಿಸಿದ ಮಾಡು, ಬೆಳಕನ್ನು ಲೆಕ್ಕ ಹಾಕಿ ಒಳಗೆ ಬಿಡುವಷ್ಟು ಸಣ್ಣ ಕಿಟಕಿಗಳು. ಕ್ರೊಮಾರ್ಟಿಯಲ್ಲಿ ಹುಲ್ಲಿನ ಮಾಡು ಉಳಿದಿರುವುದು ಇದೊಂದಕ್ಕೇ. ಕಟ್ಟಿಸಿದವನು ಜಾನ್ ಫೆಡ್ಡಿಸ್, 1698ರ ಸುಮಾರಿಗೆ. ಕಡಲುಗಳ್ಳರ ಜೊತೆ ತಿರುಗಿ ಹಣ ತಂದವನು ಎಂದು ಮನೆತನದಲ್ಲಿ ಹೇಳುತ್ತಿದ್ದರು. ಅವನ ಮರಿಮಗ ಹ್ಯೂ ಮಿಲ್ಲರ್ ಇಲ್ಲಿ ಹುಟ್ಟಿದ್ದು 1802ರ ಅಕ್ಟೋಬರ್ 10ರಂದು.

ಸ್ಕಾಟ್ಲೆಂಡಿನ ಈಶಾನ್ಯಕ್ಕೆ, ಇನ್ವರ್ನೆಸ್ ನಗರದಿಂದ ಬಸ್ಸು ಹಿಡಿದು ಕೆಸಾಕ್ ಸೇತುವೆ ದಾಟಿದರೆ ‘ಬ್ಲ್ಯಾಕ್ ಐಲ್’ ಸಿಗುತ್ತದೆ. ಹೆಸರು ಕಪ್ಪು ದ್ವೀಪ ಎಂದಿದ್ದರೂ ಅದು ದ್ವೀಪವಲ್ಲ, ಮೂರು ಕಡೆ ನೀರಿರುವ ನೆಲ. ಬಾರ್ಲಿ ಹೊಲಗಳ ನಡುವೆ ಹೋದ ರಸ್ತೆ ಅದರ ತುದಿಯಲ್ಲಿ ಕ್ರೊಮಾರ್ಟಿಗೆ ಬಂದು ಮುಗಿಯುತ್ತದೆ. ಮುಂದೆ ಹೋಗಬೇಕೆಂದರೆ ದೋಣಿಯೇ ಗತಿ.

ಮಿಲ್ಲರ್ ಮುಂದೆ ಕಲ್ಲುಕುಟಿಗನಾದ, ಭೂವಿಜ್ಞಾನ ಬರೆದ, ಎಡಿನ್‌ಬರೊದಲ್ಲಿ ‘ದಿ ವಿಟ್ನೆಸ್’ ಪತ್ರಿಕೆಯ ಸಂಪಾದಕನಾದ. ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಅದಾವುದೂ ಅಲ್ಲ. 1854ರಲ್ಲಿ ಅವನು ಪ್ರಕಟಿಸಿದ ‘ಮೈ ಸ್ಕೂಲ್ಸ್ ಆಂಡ್ ಸ್ಕೂಲ್‌ಮಾಸ್ಟರ್ಸ್’. ಸ್ಕಾಟ್ಲೆಂಡಿನ ದುಡಿಯುವ ಯುವಕರನ್ನು ಎದುರಿಗೆ ಕೂರಿಸಿಕೊಂಡಂತೆ ಬರೆದ ತನ್ನ ಬಾಲ್ಯದ ಕಥೆ ಅದು. ಹಳ್ಳಿಯ ಬಾಲ್ಯದ ನೆನಪುಗಳಲ್ಲಿ ಬೆಳದಿಂಗಳನ್ನೇ ಬಡಿಸುವವರು ಬಹಳ. ಇವನು ಬಂಡೆಯ ಹೆಸರು, ದೋಣಿಯ ಬಗೆ, ಮಾವಂದಿರ ಕಸುಬು ಎಲ್ಲವನ್ನೂ ಬರೆದಿಟ್ಟ. ಹಾಗಾಗಿ ಪುಸ್ತಕ ಹಿಡಿದು ಊರು ಸುತ್ತಬಹುದು.

ಮನೆಯ ಮೆಟ್ಟಿಲಿನ ಬಳಿ ಹೆಚ್ಚು ಹೊತ್ತು ನಿಂತೆ. ಸತ್ತು ಎಷ್ಟೋ ಕಾಲವಾಗಿದ್ದ ಫೆಡ್ಡಿಸ್ ಮುತ್ತಜ್ಜ ತಿಳಿನೀಲಿ ಕೋಟು ತೊಟ್ಟು ಮೇಲಿನಿಂದ ತನ್ನನ್ನೇ ನೋಡಿದ್ದನ್ನು ಮಿಲ್ಲರ್ ಮಗುವಾಗಿದ್ದಾಗ ಕಂಡದ್ದು ಈ ಮೆಟ್ಟಿಲ ಮೇಲೆ. ಇನ್ನೊಂದು ನೋಟ ಇದಕ್ಕಿಂತ ಘೋರ. 1807ರಲ್ಲಿ ಅಪ್ಪನ ಹಡಗು ಬಿರುಗಾಳಿಗೆ ಸಿಕ್ಕಿ ಎಲ್ಲರೊಂದಿಗೆ ಮುಳುಗಿತು. ಸುದ್ದಿ ಊರಿಗೆ ತಲುಪುವ ಮೊದಲೇ ಒಂದು ಸಂಜೆ, ತೆರೆದ ಬಾಗಿಲು ಮುಚ್ಚಿ ಬಾ ಎಂದು ಅಮ್ಮ ಕಳಿಸಿದಾಗ, ಐದು ವರ್ಷದ ಹುಡುಗನಿಗೆ ಗಾಳಿಯಲ್ಲಿ ತನ್ನತ್ತ ಚಾಚಿದ, ನೀರು ತೊಟ್ಟಿಕ್ಕುವ ಒಂದು ಕೈ ಮಾತ್ರ ಕಂಡಿತಂತೆ. ದೇಹವಿರಲಿಲ್ಲ. ಐವತ್ತು ದಾಟಿದ ಮೇಲೆ, ವಿಜ್ಞಾನದ ಪುಸ್ತಕಗಳಿಂದ ಹೆಸರು ಮಾಡಿದ ಮೇಲೂ ಅವನು ಅದನ್ನು ಭ್ರಮೆಯೆಂದು ತಳ್ಳಿಹಾಕಲಿಲ್ಲ, ದೆವ್ವವೆಂದು ಉಬ್ಬಿಸಲೂ ಇಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದ.

ವಿಧವೆ ತಾಯಿ ಹ್ಯಾರಿಯೆಟ್ ರಾತ್ರಿಯಿಡೀ ಹೊಲಿಗೆ ಮಾಡಿ ಮಕ್ಕಳನ್ನು ಸಾಕಿದಳು. ಹೆಣಕ್ಕೆ ತೊಡಿಸುವ ಬಟ್ಟೆಯೇ ಅವಳಿಗೆ ಸಿಗುತ್ತಿದ್ದ ಹೆಚ್ಚಿನ ಕೆಲಸ. 1816ರಲ್ಲಿ ಜ್ವರ ಬಂದು ಹೆಣ್ಣುಮಕ್ಕಳಿಬ್ಬರೂ ತೀರಿಕೊಂಡರು. ಮಗನನ್ನು ಕರೆದುಕೊಂಡು ಹೆಣ್ಣೊಂದನ್ನಾದರೂ ದೇವರು ಉಳಿಸಿದ್ದರೆ ಎಂದು ತಾಯಿ ನೆರೆಯವಳ ಬಳಿ ಹಲುಬಿದ್ದು ಹುಡುಗನ ಕಿವಿಗೆ ಬಿತ್ತು. ಅವನು ಅದಕ್ಕಾಗಿ ಅಮ್ಮನನ್ನು ದೂರುವುದಿಲ್ಲ. ಅವಳ ದುಃಖಕ್ಕೆ ಸತ್ತವರಷ್ಟೇ ಅಲ್ಲ, ಉಳಿದ ತಾನೂ ಕಾರಣ ಎಂದು ಒಪ್ಪುತ್ತಾನೆ. ಆ ಪುಟಗಳನ್ನು ಓದಿ ಈ ಸಣ್ಣ ಕೋಣೆಯಲ್ಲಿ ನಿಂತರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಓದು ಮೊದಲು ಸಿಕ್ಕಿದ್ದು ಊರಿನ ಹೆಂಗಸೊಬ್ಬಳು ನಡೆಸುತ್ತಿದ್ದ ಪುಟ್ಟ ಶಾಲೆಯಲ್ಲಿ. ಅಕ್ಷರ ಕೂಡಿಸುತ್ತ ಹೋದವನಿಗೆ ಬೈಬಲಿನ ಜೋಸೆಫನ ಕಥೆಗೆ ಬಂದಾಗ, ಓದುವುದೆಂದರೆ ಕಥೆ ಸಿಗುವುದು ಎಂದು ಹೊಳೆಯಿತು. ಅಲ್ಲಿಂದ ಬರ್ಚ್ ತೊಗಟೆಯ ಒಂದು ಪೆಟ್ಟಿಗೆಯಲ್ಲಿ ಸಣ್ಣ ಕಥೆಪುಸ್ತಕ ಕೂಡಿಡಲು ಶುರು. ಅಗಲ ಬರೀ ಒಂಬತ್ತು ಅಂಗುಲದ ಪೆಟ್ಟಿಗೆ, ಆದರೆ ಅವನಿಗೆ ಅದು ಗ್ರಂಥಾಲಯ.

ಮನೆಯಿಂದ ಇಳಿದು ಬಂದರೆ ದಂಡೆ. ದೊಡ್ಡ ಶಾಲೆ ಆಗ ಇಲ್ಲೇ, ನೀರಿಗೆ ಮುಖ ಮಾಡಿಕೊಂಡಿತ್ತು. ಬಂದರಿಗೆ ಯಾವ ಹಡಗು ಬಂದರೂ ಕಿಟಕಿಯಿಂದ ಕಾಣುತ್ತಿತ್ತು. ಹಾಯಿ ಹಗ್ಗ ಒಂದೂ ತಪ್ಪದಂತೆ ಹುಡುಗರು ಸ್ಲೇಟಿನ ಮೇಲೆ ಹಡಗು ಬರೆಯುತ್ತಿದ್ದರು. ಉರುವಲಿಗೆ ಪೀಟ್ ಮಣ್ಣಿನ ಹೆಂಟೆ ಹೊತ್ತು ಬರುವ ದೋಣಿಗಳಿಂದ ಶಾಲೆಯ ಒಲೆಗೆ ಪಾಲು ವಸೂಲಿ ಮಾಡುವುದೂ ಹುಡುಗರದೇ ಕೆಲಸ. ವರ್ಷಕ್ಕೊಮ್ಮೆ ಶಾಲೆಯೊಳಗೇ ಕೋಳಿ ಅಂಕ ನಡೆಯುತ್ತಿತ್ತು. ಶಾಲೆಯ ಋಣ ಮಿಲ್ಲರನಿಗೆ ಹರಿದದ್ದು ಆಮೇಲೆ ಸೇರಿದ ಇನ್ನೊಂದು ಶಾಲೆಯಲ್ಲಿ, ಒಂದು ಪದದ ಕಾಗುಣಿತದ ಜಗಳದಲ್ಲಿ. ಮೇಷ್ಟ್ರಿಗೂ ಅವನಿಗೂ ಕೈಕೈ ಮಿಲಾಯಿಸಿತು. ಏಟು ತಿಂದ ಹುಡುಗ ಗೂಟದ ಮೇಲಿದ್ದ ಟೋಪಿ ತೆಗೆದುಕೊಂಡು ನಡೆದ. ಮತ್ತೆ ಬರಲಿಲ್ಲ.

ಅವನ ನಿಜವಾದ ಗುರುಗಳು ಸೋದರಮಾವಂದಿರು. ಜೇಮ್ಸ್ ಮಾವ ಕುದುರೆಯ ಜೀನು ಲಗಾಮು ಹೊಲಿಯುವವನು. ಬೆಳಗಿನಿಂದ ರಾತ್ರಿಯವರೆಗೂ ಕೈಗೆ ಬಿಡುವಿಲ್ಲ. ಹಾಗಾಗಿ ಪಕ್ಕದಲ್ಲಿ ಕೂತು ಯಾರಾದರೂ ಓದಿ ಹೇಳಬೇಕು. ಸ್ಯಾಂಡಿ ಮಾವ ನೌಕಾಪಡೆಯಲ್ಲಿ ಯುದ್ಧ ಕಂಡು ಬಂದು ಮರ ಕೊಯ್ಯುತ್ತಿದ್ದವನು. ನೀರು ಇಳಿದಾಗ ಹುಡುಗನನ್ನು ದಂಡೆಗೆ ಕರೆದೊಯ್ದು ಏಡಿ ಹೇಗೆ ಚಿಪ್ಪು ಕಳಚುತ್ತದೆ, ಯಾವ ಮೀನು ಎಲ್ಲಿ ಮೊಟ್ಟೆ ಇಡುತ್ತದೆ ಎಂದು ತೋರಿಸುತ್ತಿದ್ದ. ಇಬ್ಬರೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಈ ಊರಿನಲ್ಲಿ ನಾನು ಮೆಚ್ಚುವುದು ಇವರಿಬ್ಬರನ್ನೇ. ದುಡಿದು ದಣಿದವರು ಮಗುವಿಗೆ ಸಮಯ ಕೊಟ್ಟರಲ್ಲ, ಕ್ರೊಮಾರ್ಟಿಯ ಮಹಾಪುರುಷ ಹುಟ್ಟಿದ್ದು ಅದರಿಂದ.

ಇಳಿತದ ಹೊತ್ತಿಗೆ ಪೂರ್ವಕ್ಕೆ ನಡೆದೆ. ಕೊಲ್ಲಿಯ ಬಾಯಿಗೆ ಎರಡು ಕಡೆ ಕಾವಲು ನಿಂತ ಗುಡ್ಡಗಳು ಸೂಟರ್‌ಗಳು. ಒಬ್ಬರಿಗೊಬ್ಬರು ಉಪಕರಣ ಎಸೆದುಕೊಡುತ್ತಿದ್ದ ಇಬ್ಬರು ದೈತ್ಯ ಚಪ್ಪಲಿ ಹೊಲಿಯುವವರು ಎಂದು ಕಥೆ. ದಕ್ಷಿಣದ ಗುಡ್ಡದ ಬುಡದಲ್ಲಿ ಡೂಕಾಟ್ ಗವಿಗಳಿವೆ. ಮಿಲ್ಲರ್ ಗೆಳೆಯನೊಬ್ಬನ ಜೊತೆ ಅಲ್ಲಿಗೆ ಹೋಗಿ ಉಬ್ಬರಕ್ಕೆ ಸಿಕ್ಕಿಬಿದ್ದ. ಮೇಲೆ ಕಡಿದಾದ ಬಂಡೆ, ಕೆಳಗೆ ನೀರು. ರಾತ್ರಿ ಬಹಳ ಹೊತ್ತಿನ ಮೇಲೆ ಊರಿನವರು ದೋಣಿಯಲ್ಲಿ ಬಂದು ಇಬ್ಬರನ್ನೂ ಕರೆತಂದರು.

ದಂಡೆಯ ಉರುಟು ಕಲ್ಲುಗಳಲ್ಲಿ ಅಭ್ರಕದ ಮಿನುಗಿರುವವನ್ನು ಆರಿಸಿ ನೋಡಿದೆ. ಇಂಥ ಕಲ್ಲುಗಳನ್ನೇ ಅವನು ಕಡಲುಗಳ್ಳ ಮುತ್ತಜ್ಜನ ಹಳೆಯ ಸುತ್ತಿಗೆಯಿಂದ ಒಡೆದು ಕೆಂಪು ಗಾರ್ನೆಟ್ ಹರಳು ಹುಡುಕಿದ್ದು. ಓದಿಸುತ್ತೇವೆ ಎಂದು ಮಾವಂದಿರು ಮುಂದೆ ಬಂದರೂ ಒಪ್ಪದೆ, 1820ರಲ್ಲಿ, ಹದಿನೇಳರ ಹರೆಯದಲ್ಲಿ ಕಲ್ಲುಕೆಲಸಕ್ಕೆ ಸೇರಿದ. ಕ್ವಾರಿಯ ಮೊದಲ ದಿನಗಳಲ್ಲೇ, ಸೀಳಿದ ಮರಳುಗಲ್ಲಿನ ಮೇಲೆ ಇಳಿತದ ನೀರು ಬಿಟ್ಟುಹೋಗುವಂಥ ಅಲೆಯ ಗೆರೆಗಳನ್ನು ಕಂಡ. ದಂಡೆಯಲ್ಲಿ ಬೆಳೆದವನಾದ್ದರಿಂದ ಅದನ್ನು ಗುರುತಿಸಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದೆ ಊರಿನ ಬಳಿಯ ಇದೇ ಕಲ್ಲುಗಳಲ್ಲಿ ಅವನು ಕಂಡ ರೆಕ್ಕೆಯಂಥ ತೋಳುಗಳ ಪುರಾತನ ಮೀನಿಗೆ ವಿಜ್ಞಾನಿಗಳು ಅವನ ಹೆಸರನ್ನೇ ಇಟ್ಟರು: ಟೆರಿಕ್ತಿಯೋಡಿಸ್ ಮಿಲ್ಲೆರಿ. 1841ರ ‘ದಿ ಓಲ್ಡ್ ರೆಡ್ ಸ್ಯಾಂಡ್‌ಸ್ಟೋನ್’ ಪುಸ್ತಕ ಬೆಳೆದದ್ದು ಈ ಕಲ್ಲುಗಳಿಂದ.

ಹಿಂದಿರುಗಿ ಬೆಸ್ತರ ಕೇರಿಗೆ ಬಂದೆ. ಮನೆಗಳು ಬಿರುಗಾಳಿಗೆ ಬೆನ್ನು ಕೊಡುವಂತೆ ತಮ್ಮ ಕಿರಿದಾದ ಗೋಡೆಯನ್ನು ಕಡಲಿಗೆ ತಿರುಗಿಸಿ ನಿಂತಿವೆ. ನಡುವೆ ಇಬ್ಬರು ಕಷ್ಟದಲ್ಲಿ ಸರಿದಾಡುವಂಥ ಸಂದಿಗಳು. ಬಾಗಿಲಲ್ಲಿ ಹೂಕುಂಡಗಳಿವೆ, ಬಲೆಗಳಿಲ್ಲ. ಇಲ್ಲಿನ ಬೆಸ್ತರಿಗೆ ಅವರದೇ ನುಡಿಯಿತ್ತು. ಅದನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯ ವ್ಯಕ್ತಿ 2012ರಲ್ಲಿ ತೀರಿಕೊಂಡರು. ಪಕ್ಕದಲ್ಲಿ 1773ರ ನ್ಯಾಯಾಲಯದ ಕಟ್ಟಡ ಈಗ ಮ್ಯೂಸಿಯಂ. ಕೊಲ್ಲಿಯಲ್ಲಿ ಕೆಲಸವಿಲ್ಲದೆ ನಿಂತ ತೈಲ ರಿಗ್‌ಗಳ ಎತ್ತರದ ಮುಂದೆ ಊರು ಇನ್ನಷ್ಟು ಪುಟ್ಟದಾಗಿ ಕಾಣುತ್ತದೆ.

ಗುಡ್ಡದ ಮೇಲೆ ಅವನ ಪ್ರತಿಮೆ ಹೊತ್ತ ಕಂಬವಿದೆ. ಅದನ್ನು ನೋಡದಿದ್ದರೂ ನಷ್ಟವಿಲ್ಲ. ಊರಾಚೆ ಮರಗಳ ನಡುವಿನ ಸೇಂಟ್ ರೆಗ್ಯುಲಸ್ ಸ್ಮಶಾನವನ್ನು ಮಾತ್ರ ಬಿಡಬೇಡಿ. ಒಂದೂವರೆ ವರ್ಷವೂ ತುಂಬದೆ ಹೋದ ಮಗಳು ಎಲೈಜಾಳಿಗಾಗಿ ಮಿಲ್ಲರ್ ತನ್ನ ಕೈಯಾರೆ ಕೆತ್ತಿದ ಕಲ್ಲು ಅಲ್ಲಿದೆ. ಅದಾದ ಮೇಲೆ ಅವನು ಉಳಿ ಹಿಡಿಯಲಿಲ್ಲ.

ಹೋಗುವವರಿಗೆ ಎರಡು ಮಾತು. ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ನೋಡಿಕೊಳ್ಳುವ ಈ ಮನೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಬೇಸಿಗೆಯಲ್ಲೇ ಹೋಗಿ, ಉಬ್ಬರ ಇಳಿತದ ವೇಳೆ ಕೇಳಿಕೊಂಡೇ ದಂಡೆಗೆ ಇಳಿಯಿರಿ. ಮಿಲ್ಲರನ ಮೇಲಿನ ಪ್ರೀತಿಗೆ ಸುತ್ತಿಗೆ ಹಿಡಿದು ಬಂಡೆಗೆ ಏಟು ಹಾಕಬೇಡಿ. ಈ ಕರಾವಳಿಯ ಬಂಡೆಗಳಿಗೆ ಈಗ ಕಾನೂನಿನ ರಕ್ಷಣೆಯಿದೆ. ಪಳೆಯುಳಿಕೆ ಕಂಡರೆ ನೋಡಿ, ಮಕ್ಕಳಿಗೂ ತೋರಿಸಿ, ಅಲ್ಲೇ ಬಿಟ್ಟು ಬನ್ನಿ.