ತೆರಿಗೆ ತಪ್ಪು ಅಂತ ವಾದ ಮಾಡೋಕೂ ಮೊದಲು ದುಡ್ಡು ಕಟ್ಟಬೇಕಾ?

ಇವತ್ತಿನ ಎಪಿಸೋಡ್ ಹೆಸರು ಕೇಳಿದ್ರೇನೇ ಕೆಲವರು ಸ್ಕಿಪ್ ಮಾಡ್ತೀರ, ಗೊತ್ತು. ಆದ್ರೆ ಮನೇಲಿ ಯಾರಾದ್ರೂ ಬೇಕರಿನೋ, ಕಾಂಡಿಮೆಂಟ್ಸ್ ಅಂಗಡಿನೋ ನಡೆಸ್ತಾ ಇದ್ರೆ ಪೂರ್ತಿ ಕೇಳಿ.

2025ರ ಜುಲೈ ನೆನಪಿದೆಯಾ? ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು, 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದ್ರು. ಯುಪಿಐ ಲೆಕ್ಕ ನೋಡಿದ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, ವಹಿವಾಟು ಜಿಎಸ್‌ಟಿ ಮಿತಿ ದಾಟಿದೆ ಅಂತ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಮಿತಿ ಅಂದ್ರೆ ವರ್ಷಕ್ಕೆ ಸರಕು ಮಾರೋರಿಗೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಸುಮಾರು 29 ಲಕ್ಷದ ನೋಟಿಸ್ ಬಂದಿದ್ದು ದೇಶವೆಲ್ಲ ಸುದ್ದಿ ಆಯ್ತು. ತಾಜಾ ತರಕಾರಿಗೆ ಜಿಎಸ್‌ಟಿನೇ ಇಲ್ಲ! ಮುಖ್ಯಮಂತ್ರಿ ವ್ಯಾಪಾರಿಗಳ ಜೊತೆ ಸಭೆ ಮಾಡಿ ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯ್ತು.

ಆದ್ರೆ ಎಲ್ಲರ ಕೇಸಿಗೂ ಮುಖ್ಯಮಂತ್ರಿ ಸಭೆ ಮಾಡಲ್ಲ. ಅಧಿಕಾರಿ ನಿಮ್ಮ ಉತ್ತರ ಒಪ್ಪದೆ 'ಇಷ್ಟು ಕಟ್ಟಿ' ಅಂತ ಬರೆದೇ ಬಿಟ್ರೆ?

ಮೊದಲು ಒಂದು ವ್ಯತ್ಯಾಸ ತಿಳ್ಕೊಳ್ಳಿ. ನೋಟಿಸ್ ಬೇರೆ, ಆದೇಶ ಬೇರೆ. ಡಿಆರ್‌ಸಿ-01 ಅನ್ನೋದು ಶೋಕಾಸ್ ನೋಟಿಸ್, ಅದಕ್ಕೆ ಉತ್ತರ ಕೊಡೋಕೆ ಒಂದು ರೂಪಾಯಿನೂ ಕಟ್ಟಬೇಕಾಗಿಲ್ಲ. ತರಕಾರಿದು, ವಿನಾಯಿತಿ ಇದೆ, ಬಂದ ದುಡ್ಡಲ್ಲಿ ಅರ್ಧ ಅಣ್ಣನಿಂದ ತಗೊಂಡ ಕೈಸಾಲ, ಹೀಗೆ ಏನೇ ಇದ್ರೂ ದಾಖಲೆ ಸಮೇತ ಇಲ್ಲೇ ಹೇಳಬೇಕು. ನನ್ನ ಪ್ರಕಾರ ಇಡೀ ಜಗಳದಲ್ಲಿ ಅತಿ ಅಗ್ಗದ ಅವಕಾಶ ಇದೇನೇ, ಜನ ಭಯಕ್ಕೆ ಸುಮ್ಮನಿದ್ದು ಕಳ್ಕೊಳ್ಳೋದೂ ಇದನ್ನೇ.

ಡಿಆರ್‌ಸಿ-07 ಬಂತು ಅಂದ್ರೆ ಆದೇಶ ಆಗಿದೆ ಅಂತ ಅರ್ಥ. ಅದನ್ನ ಮೇಲ್ಮನವಿ ಪ್ರಾಧಿಕಾರದ ಮುಂದೆ ಪ್ರಶ್ನಿಸಬಹುದು, ಆದ್ರೆ ಬಾಗಿಲಲ್ಲೇ ಟಿಕೆಟ್ ಕೇಳ್ತಾರೆ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 107 ಹೇಳೋ ಪ್ರಕಾರ, ನೀವು ಒಪ್ಪಿಕೊಂಡಿರೋ ಮೊತ್ತ ಪೂರ್ತಿ ಕಟ್ಟಬೇಕು, ತಕರಾರಿರೋ ತೆರಿಗೆಯ 10% ಠೇವಣಿ ಇಡಬೇಕು. ಕಟ್ಟದಿದ್ರೆ ಅಪೀಲು ದಾಖಲಾಗೋದೇ ಇಲ್ಲ.

ಲೆಕ್ಕ ಹಾಕೋಣ. ಆದೇಶದಲ್ಲಿ ತೆರಿಗೆ 4 ಲಕ್ಷ, ಅದರ ಮೇಲೆ ಬಡ್ಡಿ, ದಂಡ. ಅದ್ರಲ್ಲಿ 1 ಲಕ್ಷ ಸರಿ, ಉಳಿದ 3 ಲಕ್ಷ ತಪ್ಪು ಅಂತ ನಿಮ್ಮ ವಾದ. ಆಗ ಒಪ್ಪಿದ 1 ಲಕ್ಷವನ್ನ ಅದರ ಬಡ್ಡಿ, ದಂಡದ ಜೊತೆ ಕಟ್ಟಬೇಕು. ಠೇವಣಿ 30 ಸಾವಿರ. ಗಮನಿಸಿ, ಈ 10% ಲೆಕ್ಕ ಹಾಕೋದು ತೆರಿಗೆ ಮೇಲೆ ಮಾತ್ರ, ತಕರಾರಿರೋ ಭಾಗದ ಬಡ್ಡಿ, ದಂಡ ಸೇರಿಸಿ ಅಲ್ಲ. ಒಟ್ಟು ಮೊತ್ತ ನೋಡಿ ಜನ ಗಾಬರಿ ಆಗೋದು ಇಲ್ಲೇ. ಇಷ್ಟು ಕಟ್ಟಿ ಅಪೀಲು ಹಾಕಿದ್ರೆ ಉಳಿದ ಬಾಕಿಯ ವಸೂಲಿಗೆ ತಾನಾಗೇ ತಡೆ. ಬ್ಯಾಂಕ್ ಅಕೌಂಟ್‌ಗೆ ಕೈ ಹಾಕೋ ಹಾಗಿಲ್ಲ. ಗೆದ್ರೆ ಠೇವಣಿ ವಾಪಸ್, ಕಟ್ಟಿದ ದಿನದಿಂದ ಬಡ್ಡಿ ಸಮೇತ.

ಅಲ್ಲಿ ಸೋತ್ರೆ ಮುಂದಿನ ಮೆಟ್ಟಿಲು ಜಿಎಸ್‌ಟಿ ನ್ಯಾಯಮಂಡಳಿ. ಅಲ್ಲಿ ಇನ್ನೊಂದು 10%. ಮೊದಲು ಇದು 20% ಇತ್ತು, 2024ರಲ್ಲಿ ಇಳಿಸಿದ್ರು. ತಮಾಷೆ ಅಂದ್ರೆ ಜಿಎಸ್‌ಟಿ ಬಂದಿದ್ದು 2017ರಲ್ಲಿ, ನ್ಯಾಯಮಂಡಳಿ ಉದ್ಘಾಟನೆ ಆಗಿದ್ದು 2025ರ ಸೆಪ್ಟೆಂಬರ್‌ನಲ್ಲಿ!

ಯಾಕೆ ಈ ಠೇವಣಿ? ಸರ್ಕಾರದ ವಾದದಲ್ಲೂ ಹುರುಳಿದೆ. ಪುಕ್ಕಟೆ ಅಪೀಲು ಅಂದ್ರೆ, ಕಟ್ಟಲೇಬೇಕಾದವರೂ ವರ್ಷಗಟ್ಟಲೆ ಎಳೆಯೋಕೆ ಅರ್ಜಿ ಹಾಕ್ತಾರೆ. ಹಿಂದೆ ಎಕ್ಸೈಸ್, ಸರ್ವಿಸ್ ಟ್ಯಾಕ್ಸ್‌ನಲ್ಲಿ ಪೂರ್ತಿ ಮೊತ್ತ ಕಟ್ಟಬೇಕಿತ್ತು, ಆಗಲ್ಲ ಅನ್ನೋರು ವಿನಾಯಿತಿಗೆ ಅರ್ಜಿ ಹಾಕಬೇಕಿತ್ತು. ಅಸಲಿ ಕೇಸಿಗಿಂತ ಈ ಅರ್ಜಿಗಳ ವಿಚಾರಣೆಯೇ ದೊಡ್ಡ ಕೆಲಸ ಆಗಿತ್ತು. 2014ರಲ್ಲಿ ಅದನ್ನ ತೆಗೆದು ಮೊದಲ ಹಂತಕ್ಕೆ 7.5% ಅಂತ ನಿಗದಿ ಮಾಡಿದ್ರು. ಅದು ಸುಧಾರಣೆನೇ, ಒಪ್ತೀನಿ.

ನನಗೆ ಚುಚ್ಚೋದು ಬೇರೆ. ಠೇವಣಿ ಎಷ್ಟು ಅಂತ ನಿರ್ಧಾರ ಆಗೋದು ಅಧಿಕಾರಿ ಬರೆದ ಅಂಕಿಯಿಂದ. ಅಂದ್ರೆ ಅವರ ತಪ್ಪು ದೊಡ್ಡದಾದಷ್ಟೂ ಅದನ್ನ ಪ್ರಶ್ನಿಸೋ ಖರ್ಚೂ ದೊಡ್ಡದು. ದೊಡ್ಡ ಕಂಪನಿಗೆ 10% ಒಂದು ಎಂಟ್ರಿ ಅಷ್ಟೇ, ಮೇಲಾಗಿ ಅವರಿಗೆ ಸಿಜಿಎಸ್‌ಟಿಯಲ್ಲಿ 20 ಕೋಟಿ ಮಿತಿನೂ ಇದೆ, ಎಸ್‌ಜಿಎಸ್‌ಟಿಗೆ ಅಷ್ಟೇ ಮಿತಿ ಬೇರೆ. ಟೀ ಅಂಗಡಿಯವರಿಗೆ ಅದೇ 10% ಅಂದ್ರೆ ನಾಳೆ ಹಾಲಿಗೆ ಕೊಡಬೇಕಾದ ದುಡ್ಡು. 'ನನ್ನ ಕೈಲಿ ಆಗಲ್ಲ, ಕಡಿಮೆ ಮಾಡಿ' ಅಂತ ಪ್ರಾಧಿಕಾರವನ್ನ ಕೇಳೋಕೆ ಕಾಯ್ದೆಯಲ್ಲಿ ಜಾಗ ಇಲ್ಲ.

ಕೋರ್ಟ್‌ಗೆ ಹೋಗಬಹುದಲ್ಲ ಅಂತೀರ. 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಕೇಸಲ್ಲಿ, ಬ್ಯಾಂಕ್ ಸಾಲ ವಸೂಲಿ ಕಾಯ್ದೆಯಲ್ಲಿದ್ದ 75% ಠೇವಣಿ ಷರತ್ತನ್ನ ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಆದ್ರೆ 2019ರಲ್ಲಿ ಪಂಜಾಬ್ ವ್ಯಾಟ್‌ನ 25% ಷರತ್ತನ್ನ ಎತ್ತಿಹಿಡೀತು. ತೀರಾ ಕಷ್ಟದ ಅಪರೂಪದ ಕೇಸಲ್ಲಿ ಹೈಕೋರ್ಟ್‌ಗೆ ರಿಟ್ ಹಾಕಬಹುದು ಅಂತಲೂ ಹೇಳಿತು. ಸರಿ, 30 ಸಾವಿರ ಇಲ್ಲದವರು ಹೈಕೋರ್ಟ್ ವಕೀಲರ ಫೀಸು ಎಲ್ಲಿಂದ ತರ್ತಾರೆ?

ಕೊನೇದಾಗಿ ಟೈಮ್ ವಿಷಯ. ಆದೇಶ ತಲುಪಿದ ದಿನದಿಂದ ಅಪೀಲಿಗೆ 3 ತಿಂಗಳು. ಸರಿಯಾದ ಕಾರಣ ಕೊಟ್ರೆ ಇನ್ನೊಂದು ತಿಂಗಳು, ಅದಕ್ಕಿಂತ ಮೇಲೆ ಕೊಡೋ ಅಧಿಕಾರ ಪ್ರಾಧಿಕಾರಕ್ಕಿಲ್ಲ. ರಿಜಿಸ್ಟರ್ ಆದವರಿಗೆ ಆದೇಶ ಅಂಚೆಯಲ್ಲೇ ಬರುತ್ತೆ ಅಂತ ಕಾಯಬೇಡಿ, ಪೋರ್ಟಲ್‌ಗೆ ಹಾಕಿದ್ರೂ ತಲುಪಿಸಿದ ಹಾಗೆ ಲೆಕ್ಕ ಹಿಡೀತಾರೆ. ಅದೂ ಕೆಲವು ಸಲ 'ಅಡಿಷನಲ್ ನೋಟಿಸಸ್' ಅನ್ನೋ ಮೂಲೆಯ ಟ್ಯಾಬ್‌ನಲ್ಲಿ ಕೂತಿರುತ್ತೆ. ಅಪ್ಪನ ಅಂಗಡಿಯ ಲಾಗಿನ್ ನಿಮ್ಮ ಹತ್ರ ಇದ್ರೆ ಇವತ್ತೇ ಎರಡೂ ಟ್ಯಾಬ್ ತೆಗೆದು ನೋಡಿ. ಲಾಗಿನ್ ಅಕೌಂಟೆಂಟ್ ಹತ್ರ ಇದ್ರೆ, ಪಾಸ್‌ವರ್ಡ್ ಕೇಳಿ ಇಸ್ಕೊಳ್ಳಿ.