ಮಳೆಕಾಡಿನ ಅಂಚಿನಲ್ಲಿ ಮೂರೂವರೆ ಅಡಿಯ ಹಳಿ

1882ರ ಮಳೆಗಾಲ ನಿಲ್ಲುವ ಲಕ್ಷಣವೇ ಇರಲಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಈಶಾನ್ಯ ತುದಿಯಲ್ಲಿ, ಕರಾವಳಿಯ ಬೆಟ್ಟಸಾಲಿನ ಆಚೆಗಿರುವ ಎತ್ತರದ ಸೀಮೆಯಲ್ಲಿ ಹರ್ಬರ್ಟನ್ ಎಂಬ ಊರಿದೆ. ಅದಕ್ಕೆ ಎರಡು ವರ್ಷ ಹಿಂದಷ್ಟೇ ಅಲ್ಲಿ ತವರದ ಅದಿರು ಸಿಕ್ಕಿತ್ತು. ಗಣಿಗಾರರು ಗುಂಪುಗುಂಪಾಗಿ ಬಂದು ನೆಲೆಸಿದ್ದರು. ಅವರಿಗೆ ಹಿಟ್ಟು, ಸಕ್ಕರೆ, ಉಪ್ಪು ಎಲ್ಲವೂ ಪೋರ್ಟ್ ಡಗ್ಲಸ್ ಬಂದರಿನಿಂದ ಬೆಟ್ಟ ಹತ್ತಿ ಬರಬೇಕಿತ್ತು. ಎಡೆಬಿಡದೆ ಸುರಿದ ಮಳೆಗೆ ಆ ದಾರಿ ಕೆಸರಿನ ಹೊಂಡವಾಯಿತು, ಗಾಡಿಗಳು ಅಲ್ಲಲ್ಲೇ ಹೂತು ನಿಂತವು, ಊರು ಉಪವಾಸದ ಅಂಚಿಗೆ ಬಂತು. ಮಳೆ ನಿಂತ ಮೇಲೂ ಗಣಿಗಾರರ ಕೋಪ ನಿಲ್ಲಲಿಲ್ಲ. ಯಾವ ಮಳೆಗೂ ಕಡಿಯದ ದಾರಿ ಬೇಕು, ಅದು ರೈಲುದಾರಿಯೇ ಆಗಬೇಕು ಎಂದು ಅವರು ಸರ್ಕಾರದ ಬೆನ್ನು ಬಿದ್ದರು.

ಇಂದು ಕೇರ್ನ್ಸ್ ನಗರದಿಂದ ಕುರಾಂಡಾ ಎಂಬ ಬೆಟ್ಟದೂರಿಗೆ ಹೋಗುವ ‘ಕುರಾಂಡಾ ಸೀನಿಕ್ ರೈಲ್ವೆ’ ಹುಟ್ಟಿದ್ದು ಆ ಹಸಿವಿನಿಂದ. 33 ಕಿಲೋಮೀಟರ್ ದೂರಕ್ಕೆ ಎರಡು ಗಂಟೆಗೆ ತುಸು ಕಡಿಮೆ ಹೊತ್ತು ತೆಗೆದುಕೊಳ್ಳುವ ಈ ರೈಲಿನಲ್ಲಿ ಬರುವ ಬಹುಪಾಲು ಜನ ಜಲಪಾತ ಮತ್ತು ಕಾಡನ್ನು ನೋಡಲು ಬರುತ್ತಾರೆ. ನೋಡಬೇಕಾದದ್ದೇ ಅವು. ಆದರೆ ಕಿಟಕಿಯಾಚೆಗೆ ಹಾಯುವ ಕಣ್ಣು ಆಗಾಗ ಕೆಳಗೆ, ಹಳಿ ಕೂತ ನೆಲದ ಕಡೆಗೂ ತಿರುಗಿದರೆ ಈ ಪಯಣದ ತೂಕ ಬೇರೆಯಾಗುತ್ತದೆ. ಆ ನೆಲ ಇದ್ದದ್ದಲ್ಲ, ಮನುಷ್ಯರು ಕೈಯಾರೆ ಕಡಿದು ಮಾಡಿದ್ದು.

ದಾರಿ ಹುಡುಕುವ ಕೆಲಸ 1882ರಲ್ಲೇ ಕ್ರಿಸ್ಟಿ ಪಾಮರ್‌ಸ್ಟನ್ ಎಂಬ ಕಾಡಲೆಮಾರಿಯ ಪಾಲಿಗೆ ಬಂತು. ಕೇರ್ನ್ಸ್, ಪೋರ್ಟ್ ಡಗ್ಲಸ್, ಗೆರಾಲ್ಡ್‌ಟನ್ ಎಂದು ಆಗ ಕರೆಯುತ್ತಿದ್ದ ಇನ್ನಿಸ್‌ಫೇಲ್, ಈ ಮೂರು ಊರುಗಳೂ ರೈಲು ತಮ್ಮಲ್ಲಿಂದಲೇ ಹೊರಡಬೇಕೆಂದು ಹಟ ಹಿಡಿದಿದ್ದವು. ರೈಲು ಬಂದ ಊರು ಬೆಳೆಯುತ್ತದೆ, ಬಾರದ ಊರು ಬಾಡುತ್ತದೆ ಎಂಬುದು ಮೂರೂ ಊರುಗಳಿಗೆ ಗೊತ್ತಿತ್ತು. 1884ರಲ್ಲಿ ಬ್ಯಾರನ್ ನದಿಯ ಕಣಿವೆಯ ದಾರಿ ಗೆದ್ದಿತು. ಕೇರ್ನ್ಸ್‌ಗೆ ಅದೃಷ್ಟ ಒಲಿಯಿತು, ಪೋರ್ಟ್ ಡಗ್ಲಸ್‌ನ ವಹಿವಾಟು ಕುಗ್ಗುತ್ತ ಹೋಯಿತು. 1886ರ ಮೇ 10ರಂದು ಪ್ರಾಂತ್ಯದ ಪ್ರಧಾನಿ ಸರ್ ಸ್ಯಾಮ್ಯುಯೆಲ್ ಗ್ರಿಫಿತ್ ಕೇರ್ನ್ಸ್‌ನಲ್ಲಿ ಮೊದಲ ಹಿಡಿ ಮಣ್ಣು ಅಗೆದರು.

ಕರಾವಳಿಯ ಸಮತಟ್ಟು ನೆಲದ ಮೊದಲ ಭಾಗವೇ ಗುತ್ತಿಗೆದಾರರನ್ನು ಸುಸ್ತು ಮಾಡಿತು. ಒಬ್ಬರು ಬಿಟ್ಟರು, ಅವರ ಜಾಗಕ್ಕೆ ಬಂದವರೂ ಬಿಟ್ಟರು, ಕೊನೆಗೆ ಸರ್ಕಾರವೇ ಮುಗಿಸಿತು. ಬೆಟ್ಟ ಹತ್ತುವ ಎರಡನೆಯ ಭಾಗ 1887ರ ಜನವರಿಯಲ್ಲಿ 2,90,094 ಪೌಂಡಿನ ಟೆಂಡರಿಗೆ ಜಾನ್ ರಾಬ್ ಎಂಬ ಗುತ್ತಿಗೆದಾರನ ಕೈಸೇರಿತು.

ರಾಬ್‌ನ ಎದುರಿಗಿದ್ದದ್ದು ಸರಾಸರಿ 45 ಡಿಗ್ರಿಯ ಇಳಿಜಾರು. ಅದರ ಮೇಲೆ ಗಟ್ಟಿ ಬಂಡೆ ಇರಲಿಲ್ಲ. ಸಡಿಲ ಕಲ್ಲು, ಕೊಳೆತ ಎಲೆ, ಮಣ್ಣು ಸೇರಿದ 15ರಿಂದ 25 ಅಡಿ ದಪ್ಪದ ಪದರ ಬೆಟ್ಟದ ಮೈಗೆ ಹೊದಿಕೆಯಾಗಿತ್ತು. ಹಳಿಗೆ ಅಡಿಪಾಯ ಸಿಗಬೇಕಾದರೆ ಅದಷ್ಟನ್ನೂ ಕೆರೆದು ಕಣಿವೆಗೆ ತಳ್ಳಬೇಕು. ಮಳೆ ಬಂದರೆ ಕೆರೆದ ಜಾಗಕ್ಕೆ ಮೇಲಿನದು ಜಾರಿ ಬರುತ್ತಿತ್ತು, ಮತ್ತೆ ಮೊದಲಿನಿಂದ ಕೆಲಸ. ಯಂತ್ರಗಳಿಲ್ಲದ ಕಾಲ. ಗುದ್ದಲಿ, ಸಲಿಕೆ, ಬಕೆಟ್ಟು, ಡೈನಮೈಟು, ಉಳಿದಂತೆ ಬರಿಗೈ. ಕೆಲಸ ಭರದಿಂದ ನಡೆಯುತ್ತಿದ್ದಾಗ 1,500 ಮಂದಿ ಇಲ್ಲಿ ದುಡಿಯುತ್ತಿದ್ದರು. ಹೆಚ್ಚಿನವರು ಐರ್ಲೆಂಡಿನವರು ಮತ್ತು ಇಟಲಿಯವರು. ಕಾಡಿನ ನಡುವೆ ಸುರಂಗಕ್ಕೊಂದು, ತಿರುವಿಗೊಂದು ಎಂಬಂತೆ ಅವರ ಡೇರೆಗಳ ಊರುಗಳು ಎದ್ದವು. ಕುಸಿತ, ಸ್ಫೋಟ, ಜ್ವರ ಇವುಗಳ ನಡುವೆ ಸತ್ತವರು ಕನಿಷ್ಠ 23 ಮಂದಿ. ದಿನಗೂಲಿ ಎಂಟು ಶಿಲಿಂಗ್ ಸಾಲದು, ಒಂಬತ್ತು ಬೇಕು ಎಂದು 1890ರಲ್ಲಿ ಕಾರ್ಮಿಕರು ‘ಯುನೈಟೆಡ್ ಸನ್ಸ್ ಆಫ್ ಟಾಯಿಲ್’ ಎಂಬ ಸಂಘ ಕಟ್ಟಿ ಸೆಟೆದು ನಿಂತದ್ದೂ ಉಂಟು. ಈ ದಾರಿಯ ಕಥೆಯಲ್ಲಿ ಗವರ್ನರುಗಳ ಹೆಸರುಗಳಿಗಿಂತ ಮೊದಲು ನಿಲ್ಲಬೇಕಾದ ಹೆಸರು ಅದು.

ಹೀಗೆ ತಯಾರಾದದ್ದು 15 ಸುರಂಗ, ತೊಂಬತ್ತಕ್ಕೂ ಹೆಚ್ಚು ತಿರುವು, ಹತ್ತಾರು ಸೇತುವೆಗಳ ದಾರಿ. ಕೆಲಸ ಮುಗಿಸಿದ ರಾಬ್ ನಷ್ಟ ತುಂಬಿಕೊಡಿ ಎಂದು 2,62,311 ಪೌಂಡ್ ಕೇಳಿದ. ಸಿಕ್ಕಿದ್ದು 20,807 ಪೌಂಡ್. ಹಳಿಯ ಪಕ್ಕ ಒಂಟಿಯಾಗಿ ಎದ್ದು ನಿಂತ ಒಂದು ಬಂಡೆಗೆ ಇಂದಿಗೂ ‘ರಾಬ್ಸ್ ಮಾನ್ಯುಮೆಂಟ್’ ಎಂಬ ಹೆಸರಿದೆ.

ಇಷ್ಟು ಕಡಿದಾದ ಜಾಗದಲ್ಲಿ ರೈಲು ಸಾಧ್ಯವಾದದ್ದು ಹಳಿ ಕಿರಿದಾಗಿದ್ದರಿಂದ. ನ್ಯಾರೋಗೇಜ್ ಎಂದಾಕ್ಷಣ ಭಾರತದ ಓದುಗರಿಗೆ ಡಾರ್ಜಿಲಿಂಗ್, ಶಿಮ್ಲಾಗಳ ಪುಟಾಣಿ ರೈಲು ನೆನಪಾಗುತ್ತದೆ. ಕುರಾಂಡಾದ ಹಳಿ ಅಷ್ಟು ಚಿಕ್ಕದಲ್ಲ. ಮೂರೂವರೆ ಅಡಿ, ಅಂದರೆ 1,067 ಮಿಲಿಮೀಟರ್. ಹಿಂದೆ ಮೈಸೂರು ಸೀಮೆಯಲ್ಲಿ ಓಡುತ್ತಿದ್ದ ಮೀಟರ್‌ಗೇಜಿಗಿಂತ ಇದು 67 ಮಿಲಿಮೀಟರ್ ಅಗಲವೇ! ಹೋಲಿಕೆ 1,435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜಿನ ಜೊತೆಗಾದ್ದರಿಂದ ಇದು ನ್ಯಾರೋ ಎನಿಸಿಕೊಂಡಿತು. ಕ್ವೀನ್ಸ್‌ಲ್ಯಾಂಡ್ ಆರಿಸಿಕೊಂಡ ಈ ಅಳತೆಯ ಹಳಿಯ ಮೇಲೆ ಅದರ ಮೊದಲ ರೈಲು ಇಪ್ಸ್‌ವಿಚ್ ಪಟ್ಟಣದಿಂದ ಹೊರಟದ್ದು 1865ರಲ್ಲಿ. ಮುಖ್ಯ ಎಂಜಿನಿಯರ್ ಏಬ್ರಹಾಂ ಫಿಟ್ಜ್‌ಗಿಬ್ಬನ್ ಅವರ ಲೆಕ್ಕಾಚಾರ ಸರಳವಾಗಿತ್ತು. ಜನ ಕಡಿಮೆ, ದೂರ ಹೆಚ್ಚು, ಬೊಕ್ಕಸ ಬರಿದು. ಕಿರಿದಾದ ಹಳಿಗೆ ಕಡಿಯಬೇಕಾದ ಅಂಚೂ ಕಿರಿದು, ಕೊರೆಯಬೇಕಾದ ಸುರಂಗವೂ ಚಿಕ್ಕದು, ಅದಕ್ಕಿಂತ ಮುಖ್ಯವಾಗಿ ರೈಲು ಬಿಗಿ ತಿರುವುಗಳಲ್ಲಿ ಬಳುಕಿ ಹೋಗಬಲ್ಲದು. ವೇಗ ಕಡಿಮೆ ಎಂಬ ಟೀಕೆ ಆಗಲೂ ಇತ್ತು. ಬ್ಯಾರನ್ ಕಣಿವೆಯಲ್ಲಿ ಮಾತ್ರ ಆ ಆಯ್ಕೆ ಎಷ್ಟು ಸರಿ ಎಂಬುದನ್ನು ಒಂದೊಂದು ತಿರುವೂ ತೋರಿಸುತ್ತದೆ.

ಸರಕು ಸಾಗಣೆ 1891ರ ಜೂನ್ ನಡುವಿನಲ್ಲಿ ಶುರುವಾಯಿತು, ಪ್ರಯಾಣಿಕರ ರೈಲು ಅದೇ ತಿಂಗಳ 25ರಂದು. ಹಸಿದು ಕೂಗಿದ ಹರ್ಬರ್ಟನ್‌ಗೆ ಹಳಿ ಮುಟ್ಟಿದ್ದು ಯಾವಾಗ? 1910ರಲ್ಲಿ. ಆ ಮಳೆಗಾಲ ಕಳೆದು 28 ವರ್ಷಗಳಾದ ಮೇಲೆ.

ಈಗಿನ ಪಯಣ ಬೆಳಿಗ್ಗೆ ಕೇರ್ನ್ಸ್ ನಿಲ್ದಾಣದಲ್ಲಿ ಆರಂಭ. ಎಂಜಿನ್ ಡೀಸೆಲ್ಲಿನದು, ಬೋಗಿಗಳು ಮರದವು, ಹಲವು ಕಳೆದ ಶತಮಾನದ ಮೊದಲ ದಶಕಗಳವು. ಎಂಜಿನ್ನಿನ ಮೈಮೇಲೆ ಬಣ್ಣಬಣ್ಣದ ಹಾವಿನ ಚಿತ್ರವಿದೆ. ಅದು ಬುಡಾಜಿ. ಈ ಕಣಿವೆಯ ಮೂಲನಿವಾಸಿಗಳಾದ ಜಬುಗೈ ಜನರ ಕಥೆಯಲ್ಲಿ ಬ್ಯಾರನ್ ನದಿಯನ್ನೂ ಅದರ ಹಳ್ಳಗಳನ್ನೂ ತನ್ನ ದಾರಿಯಲ್ಲಿ ಕೊರೆಯುತ್ತ ಹೋದ ಮಹಾಸರ್ಪ. ಫ್ರೆಶ್‌ವಾಟರ್ ನಿಲ್ದಾಣ, ರೆಡ್‌ಲಿಂಚ್, ಕಬ್ಬಿನ ಗದ್ದೆ, ಮನೆಗಳ ಹಿತ್ತಿಲು. ಬೆಟ್ಟ ಇನ್ನೂ ದೂರದಲ್ಲಿ ನೀಲಿಯಾಗಿರುತ್ತದೆ. ಆಮೇಲೆ ‘ಹಾರ್ಸ್‌ಶೂ ಬೆಂಡ್’ ಬರುತ್ತದೆ. ಹಳಿ ಇಲ್ಲಿ ಪೂರ್ತಿ 180 ಡಿಗ್ರಿ ತಿರುಗುತ್ತದೆ. ಹಿಂದಿನ ಬೋಗಿಯಲ್ಲಿ ಕೂತವರಿಗೆ ತಮ್ಮದೇ ಎಂಜಿನ್ ಎದುರು ದಿಕ್ಕಿಗೆ ಹೋಗುತ್ತಿರುವುದು ಕಾಣುತ್ತದೆ. ಎಲ್ಲ ಕೈಗಳೂ ಫೋನ್ ಹಿಡಿದು ಕಿಟಕಿಗೆ ಬರುವುದು ಇಲ್ಲೇ.

ನಂತರ ಏರು. ಒಂದರ ಹಿಂದೆ ಒಂದು ಸುರಂಗ. ಕತ್ತಲಿಂದ ಬೆಳಕಿಗೆ ಬಂದಾಗಲೆಲ್ಲ ಬಲಗಡೆಯ ಕಣಿವೆ ಇನ್ನಷ್ಟು ಆಳವಾಗಿರುತ್ತದೆ. ಎಡಗಡೆ ಕಡಿದ ಬಂಡೆ ಕೈಗೆ ಸಿಗುವಷ್ಟು ಹತ್ತಿರ, ಅದರ ಮೇಲೆ ಪಾಚಿ, ಜರಿಗಿಡ, ಜಿನುಗುವ ನೀರು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹಗಲು ರೈಲಿನಲ್ಲಿ ಇಳಿದವರಿಗೆ ಈ ನೋಟ ಅಪರಿಚಿತವೇನಲ್ಲ. ಅಲ್ಲಿ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಅದೂ 1979ರಲ್ಲಿ ಮೀಟರ್‌ಗೇಜ್ ಆಗಿಯೇ ಆರಂಭವಾದ ದಾರಿ. ಅಲ್ಲಿ ಹಳಿ ಬ್ರಾಡ್‌ಗೇಜ್ ಆಗಿ ಈಗ ಉದ್ದುದ್ದದ ಸರಕು ಗಾಡಿಗಳು ಓಡುತ್ತವೆ. ಇಲ್ಲಿ ಹಳಿಯ ಅಳತೆ 1891ರದ್ದೇ.

ಸ್ಟೋನಿ ಕ್ರೀಕ್ ಬಂದಾಗ ರೈಲಿನ ವೇಗ ನಡಿಗೆಯ ವೇಗಕ್ಕೆ ಇಳಿಯುತ್ತದೆ. ಬೆಟ್ಟದ ಮಡಿಲಿಗೆ ಒಳಸರಿದ ಕೊರಕಲು, ಅದರ ತಲೆಯಿಂದ ಧುಮುಕುವ ಜಲಪಾತ, ಅದರ ಎದುರಿಗೆ ಎತ್ತರದ ಕಬ್ಬಿಣದ ಕಾಲುಗಳ ಮೇಲೆ ಬಿಲ್ಲಿನಂತೆ ಬಾಗಿದ ಸೇತುವೆ. ತಿರುವಿನ ತ್ರಿಜ್ಯ ಬರೀ 80 ಮೀಟರ್. ಸೇತುವೆ ನೇರವಾಗಿದ್ದರೆ ಎರಡೂ ಬದಿಗೆ ಬಂಡೆಯನ್ನು ಇನ್ನೆಷ್ಟೋ ಒಡೆಯಬೇಕಿತ್ತು. ಹಾಗಾಗಿ ಕಬ್ಬಿಣವೇ ಬೆಟ್ಟದ ಆಕಾರಕ್ಕೆ ಬಾಗಿತು. ಗಾಲಿಯ ಅಂಚು ಹಳಿಗೆ ಉಜ್ಜುವ ಕಿರ್ರೆನ್ನುವ ಸದ್ದು, ಕೆಳಗೆ ತೊಲೆಗಳ ನಡುವೆ ಕಾಣುವ ಮರಗಳ ನೆತ್ತಿ, ಮಳೆಗಾಲವಾದರೆ ತೆರೆದ ಕಿಟಕಿಯೊಳಕ್ಕೆ ನೀರಿನ ತುಂತುರು. 1890ರ ಏಪ್ರಿಲ್‌ನಲ್ಲಿ ಸೇತುವೆ ಮುಗಿಯುತ್ತ ಬಂದಿತ್ತು. ಗವರ್ನರ್ ಸರ್ ಹೆನ್ರಿ ನಾರ್ಮನ್ ನೋಡಲು ಬಂದಾಗ ರಾಬ್ ಈ ಸೇತುವೆಯ ಮೇಲೆಯೇ ಮೇಜು ಹಾಕಿಸಿ ಔತಣ ಕೊಟ್ಟ. ಜಲಪಾತದ ಅಬ್ಬರದಲ್ಲಿ ಯಾರ ಮಾತೂ ಕೇಳುವಂತಿರಲಿಲ್ಲವಾದ್ದರಿಂದ ಅಂದು ಭಾಷಣಗಳು ನಡೆಯಲಿಲ್ಲ. ಆ ಊಟ ಎಷ್ಟು ಸೊಗಸಾಗಿದ್ದಿರಬೇಕು!

ಕಾಡಿನದೇ ಒಂದು ಕಥೆ. ವೆಟ್ ಟ್ರಾಪಿಕ್ಸ್ ಎಂದು ಕರೆಯುವ ಈ ಮಳೆಕಾಡು ಭೂಮಿಯ ಮೇಲೆ ಉಳಿದಿರುವ ಅತಿ ಹಳೆಯ ಮಳೆಕಾಡುಗಳ ಸಾಲಿನದು. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮರ ಕಡಿಯುವ ಉದ್ಯಮದ ಪರ ನಿಂತ ಅಂದಿನ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಅದನ್ನು ವಿರೋಧಿಸಿ ನ್ಯಾಯಾಲಯದವರೆಗೆ ಹೋಗಿತ್ತು. ಪಟ್ಟಿಗೆ ಸೇರಿದ್ದು ಒಳ್ಳೆಯದಾಯಿತು. ಕನ್ನಡಿಗರಿಗೆ ಇಲ್ಲಿ ಪರಿಚಿತ ಮುಖಗಳೂ ಸಿಗುತ್ತವೆ. ಮಲೆನಾಡಿನಲ್ಲಿ ಬುಟ್ಟಿ, ಕುರ್ಚಿ ಹೆಣೆಯುವ ಬೆತ್ತದ ಕುಲದ್ದೇ ಬಳ್ಳಿ ಇಲ್ಲೂ ಮರದಿಂದ ಮರಕ್ಕೆ ಹಬ್ಬಿದೆ. ಸ್ಥಳೀಯರು ಅದನ್ನು ಕರೆಯುವುದು ‘ವೇಟ್-ಎ-ವೈಲ್’ ಎಂದು. ಅದರ ತೆಳ್ಳನೆಯ ಕುಡಿಗಳ ಉದ್ದಕ್ಕೂ ಹಿಂದಕ್ಕೆ ಬಾಗಿದ ಕೊಕ್ಕೆಮುಳ್ಳುಗಳಿವೆ. ಬಟ್ಟೆಗೆ ಸಿಕ್ಕಿದರೆ ಮುಂದಕ್ಕೆ ಎಳೆದಷ್ಟೂ ಒಳಗೆ ಹೋಗುತ್ತವೆ. ನಿಂತು, ಒಂದು ಹೆಜ್ಜೆ ಹಿಂದೆ ಸರಿದು, ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಮುಟ್ಟಿದರೆ ವಾರಗಟ್ಟಲೆ ಉರಿಯುವ ಗಿಂಪಿ-ಗಿಂಪಿ ಗಿಡ ನಮ್ಮ ತುರಚೆಯನ್ನು ನೆನಪಿಸುತ್ತದೆ.

ಕಾಡು ಖಾಲಿ ಇರಲಿಲ್ಲ ಎಂಬುದನ್ನೂ ಹೇಳಲೇಬೇಕು. ಗಣಿಗಾರರ ಹೇರುಪ್ರಾಣಿಗಳು ಬೆಟ್ಟ ಹತ್ತಿದ್ದೇ ಜಬುಗೈ ಜನ ತಲೆಮಾರುಗಳಿಂದ ನಡೆದು ಸವೆಸಿದ್ದ ಕಾಲುದಾರಿಗಳಲ್ಲಿ. ರೈಲು ಬಂದ ಮೇಲೆ ಅವರ ನೆಲ ಅವರದಾಗಿ ಉಳಿಯಲಿಲ್ಲ. 1913ರಲ್ಲಿ ಕುರಾಂಡಾದ ಬಳಿ ಮೋನಾ ಮೋನಾ ಮಿಷನ್ ಶುರುವಾಯಿತು, ಅವರಲ್ಲಿ ಅನೇಕರನ್ನು ಅಲ್ಲಿಗೆ ಸೇರಿಸಲಾಯಿತು, ಅದು ಮುಚ್ಚಿದ್ದು 1962ರಲ್ಲಿ. ಬ್ಯಾರನ್ ಗಾರ್ಜ್ ರಾಷ್ಟ್ರೀಯ ಉದ್ಯಾನದ ಮೇಲೆ ಜಬುಗೈ ಜನರ ಪಾರಂಪರಿಕ ಹಕ್ಕನ್ನು ನ್ಯಾಯಾಲಯ ಒಪ್ಪಿಕೊಂಡದ್ದು 2004ರಲ್ಲಿ. ಎಂಜಿನ್ನಿನ ಮೇಲಿನ ಬುಡಾಜಿಯ ಚಿತ್ರವನ್ನು ಬರೀ ಅಲಂಕಾರವೆಂದು ನೋಡಬಾರದು ಎನ್ನುವುದಕ್ಕೆ ಕಾರಣ ಈ ಇತಿಹಾಸ.

490 ಮೀಟರ್ ಉದ್ದದ ಹದಿನೈದನೆಯ ಸುರಂಗವೇ ಎಲ್ಲಕ್ಕಿಂತ ಉದ್ದ. ಕಣಿವೆಯ ಮೇಲ್ತುದಿಯಲ್ಲಿ ಬ್ಯಾರನ್ ಫಾಲ್ಸ್ ನಿಲ್ದಾಣ. ರೈಲು ಹತ್ತು ನಿಮಿಷ ನಿಲ್ಲುತ್ತದೆ, ಜನ ಇಳಿದು ಕಟಾಂಜನದ ಬಳಿ ಸೇರುತ್ತಾರೆ. ಜೋಗದ ಗುಂಡಿಯನ್ನು ಬೇಸಿಗೆಯಲ್ಲಿ ನೋಡಿದವರಿಗೆ ಇಲ್ಲಿನ ಸ್ಥಿತಿ ವಿವರಿಸಬೇಕಿಲ್ಲ. 1935ರಲ್ಲಿ ಇಲ್ಲಿ ಭೂಗತ ಜಲವಿದ್ಯುತ್ ಕೇಂದ್ರ ಬಂತು, 1963ರಲ್ಲಿ ಅದರ ಜಾಗಕ್ಕೆ ದೊಡ್ಡದು ಬಂತು. ನೀರು ಅಲ್ಲಿಗೆ ಹೋಗುವುದರಿಂದ ಒಣ ತಿಂಗಳುಗಳಲ್ಲಿ ಕಪ್ಪು ಬಂಡೆಯ ಮೇಲೆ ಬಿಳಿ ಎಳೆಗಳಷ್ಟೇ. ಮಳೆಗಾಲದಲ್ಲಿ ಮಾತ್ರ ಕಂದು ನೀರು ಇಡೀ ಬಂಡೆಯನ್ನು ಮುಚ್ಚಿಕೊಂಡು ಬೀಳುತ್ತದೆ.

ಕುರಾಂಡಾ ನಿಲ್ದಾಣದ ಕಾಂಕ್ರೀಟ್ ಕಟ್ಟಡ 1915ರದ್ದು. ಪ್ಲಾಟ್‌ಫಾರ್ಮಿನ ತುಂಬ ಜರಿಗಿಡಗಳು, ತಾಳೆಗಳು, ತೂಗುಬುಟ್ಟಿಗಳು. ಹಿಂದಿನ ಸ್ಟೇಷನ್ ಮಾಸ್ಟರರು ನೆಟ್ಟು ಬೆಳೆಸಿದ ತೋಟ ಇಂದಿಗೂ ಹಸಿರಾಗಿದೆ. ಊರಿನ ಮಾರುಕಟ್ಟೆ, ಅಂಗಡಿಗಳು ಬೇರೆಲ್ಲ ಪ್ರವಾಸಿ ಊರುಗಳಂತೆಯೇ.

ಮಳೆಗೆ ಹೆದರದ ದಾರಿ ಬೇಕೆಂದು ಕಟ್ಟಿದ ಈ ರೈಲನ್ನು ಮಳೆ ಈಗಲೂ ನಿಲ್ಲಿಸುತ್ತದೆ. 2023ರ ಡಿಸೆಂಬರಿನಲ್ಲಿ ಜಾಸ್ಪರ್ ಚಂಡಮಾರುತ ಬಂದಾಗ ಈ ಬೆಟ್ಟಸಾಲಿನ ಕೆಲವೆಡೆ ಐದಾರು ದಿನಗಳಲ್ಲೇ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಇಳಿಜಾರು ಹಲವೆಡೆ ಕುಸಿದು ಹಳಿಯ ಮೇಲೆ ಬಿತ್ತು, ರೈಲು ತಿಂಗಳುಗಟ್ಟಲೆ ಓಡಲಿಲ್ಲ. ಮತ್ತೆ ಓಡುವಂತೆ ಮಾಡಿದ್ದು ಯಂತ್ರಗಳೂ ಎಂಜಿನಿಯರುಗಳೂ ಹೌದು. ಆದರೆ ಮಾಡಬೇಕಾದ ಕೆಲಸ ರಾಬ್‌ನ ಕಾಲದ್ದೇ: ಜಾರಿದ ಮಣ್ಣು ತೆಗೆಯುವುದು, ಗಟ್ಟಿ ನೆಲ ಹುಡುಕುವುದು.

ಹೋಗುವವರಿಗೆ ಒಂದೆರಡು ಮಾತು. ಜಲಪಾತಗಳೇ ಮುಖ್ಯವೆನಿಸಿದರೆ ಜನವರಿಯಿಂದ ಮಾರ್ಚ್, ಆದರೆ ಆಗ ರೈಲು ರದ್ದಾಗುವ ಸಾಧ್ಯತೆಯೂ ಇದೆ. ಕಾಡು, ಕಣಿವೆಗಳನ್ನು ನಿಚ್ಚಳವಾಗಿ ನೋಡಲು ಜೂನ್‌ನಿಂದ ಸೆಪ್ಟೆಂಬರ್. ಏರುವಾಗ ಬಲಗಡೆಯ ಸೀಟು ಕೇಳಿ ಪಡೆಯಬೇಕು. ವಾಪಸ್ ಬರಲು 1995ರಲ್ಲಿ ಶುರುವಾದ 7.5 ಕಿಲೋಮೀಟರಿನ ‘ಸ್ಕೈರೈಲ್’ ರೋಪ್‌ವೇ ಇದೆ. ಕಾಡೊಳಗೆ ರಸ್ತೆ ಮಾಡದೆ ಹೆಲಿಕಾಪ್ಟರಿನಲ್ಲಿ ಸಾಮಗ್ರಿ ಸಾಗಿಸಿ ಅದರ ಕಂಬಗಳನ್ನು ನಿಲ್ಲಿಸಿದರು. ಒಂದು ಕಡೆಗೆ ರೈಲು, ಇನ್ನೊಂದು ಕಡೆಗೆ ಸ್ಕೈರೈಲ್ ಸೇರಿಸಿ ಒಟ್ಟಿಗೆ ಟಿಕೆಟ್ ಸಿಗುತ್ತದೆ. ಹೋಗುವಾಗ ರೈಲು ಹಿಡಿಯುವುದೇ ಒಳ್ಳೆಯದು, ಬೆಟ್ಟ ಹತ್ತುವಾಗಲೇ ಈ ದಾರಿ ಹೇಗೆ ಕಟ್ಟಿದ್ದೆಂದು ಚೆನ್ನಾಗಿ ಕಾಣುತ್ತದೆ.